ಪಂಪ್ ಪೆಟ್ಟಿಗೆಯ ಪ್ಯಾಚ್ ಆಂಟೆನಾ: ಎಂಟು ಮಿಲಿಮೀಟರ್ ಗಾಳಿಯ ಲೆಕ್ಕ

ಕಲಘಟಗಿ ರಸ್ತೆಯಲ್ಲಿ ಒಂದು ಮಾವಿನ ತೋಟ. ತೋಟದ ಮನೆಯಲ್ಲಿ ವೈಫೈ ರೌಟರ್. ಅಲ್ಲಿಂದ ಸುಮಾರು 250 ಮೀಟರ್ ಆಚೆ ಬೋರ್‌ವೆಲ್, ಅದರ ಪಕ್ಕದ ಕಂಬಕ್ಕೆ ಬಿಗಿದ ಕಬ್ಬಿಣದ ಪೆಟ್ಟಿಗೆಯಲ್ಲಿ ಸ್ಟಾರ್ಟರ್, ಜೊತೆಗೆ ಮನೆಯಲ್ಲಿ ಕುಳಿತೇ ಮೋಟಾರು ಚಾಲೂ-ಬಂದ್ ಮಾಡಲು ಒಂದು ಸಣ್ಣ ವೈಫೈ ಬೋರ್ಡ್. ಪೆಟ್ಟಿಗೆ ಮಾಡಿದ್ದು ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ಸಣ್ಣ ವರ್ಕ್‌ಶಾಪ್. ಅದರ ಮೇಲಿನ ಆಂಟೆನಾ ಮಾಡಿಕೊಟ್ಟವನು ನಾನು. ಹಾಗಾಗಿ ತಪ್ಪು ಯಾರದ್ದು ಅಂತ ಹುಡುಕುವ ಕೆಲಸ ಈ ಬರಹದಲ್ಲಿ ಇಲ್ಲ.

ಹಚ್ಚಿ ಬಂದ ಎರಡು ವಾರ ಎಲ್ಲ ಸರಿ ಇತ್ತು. ಆಮೇಲೆ ವರ್ಕ್‌ಶಾಪ್ ಮಾಲೀಕರ ಫೋನು. "ಸರ್ರ, ನಿನ್ನಿ ಬರ್ತಿತ್ತು, ಇವತ್ತ ಇಲ್ಲ. ನಡುವ ಯಾರೂ ಏನೂ ಮುಟ್ಟಿಲ್ಲ ನೋಡ್ರಿ." ಮಾರನೇ ದಿನ ಮತ್ತೆ ಫೋನು: "ಈಗ ಬರಾಕತ್ತೈತ್ರಿ, ಬಿಡ್ರಿ." ಹೀಗೆ ಬಂದು ಹೋಗುವ ದೋಷದಷ್ಟು ತಲೆನೋವು ಮತ್ತೊಂದಿಲ್ಲ. ಪೂರ್ತಿ ಸತ್ತದ್ದನ್ನು ರಿಪೇರಿ ಮಾಡಬಹುದು, ನಾವು ಹೋದಾಗ ಮಾತ್ರ ಸರಿಯಾಗಿ ನಡೆಯುವುದನ್ನು ಏನು ಮಾಡೋದು?

ಮೂರನೇ ಸಲ ನಾನೇ ಹೋದೆ. ಪೆಟ್ಟಿಗೆಯ ಹತ್ತಿರ ಲ್ಯಾಪ್‌ಟಾಪ್ ಇಟ್ಟುಕೊಂಡು ಸಿಗ್ನಲ್ ನೋಡಿದರೆ ಮೈನಸ್ 87 ಡಿಬಿಎಂ ಆಸುಪಾಸು (ಸಿಗ್ನಲ್ ಬಲದ ಅಳತೆ ಇದು, ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಸಿಗ್ನಲ್ ಸೊರಗಿದೆ ಅಂತ), ಅಂದರೆ ಕೈಗೆ ಸಿಕ್ಕರೂ ಸಿಕ್ಕಿತು, ಜಾರಿದರೂ ಜಾರಿತು ಎನ್ನುವಂಥ ಜಾಗ. ರೌಟರ್ ಆಗ 1ನೇ ಚಾನೆಲ್‌ನಲ್ಲಿತ್ತು. ಮನೆಗೆ ಹೋಗಿ ಅದನ್ನು 6ಕ್ಕೆ ಹಾಕಿ ಬಂದೆ. ಮೈನಸ್ 85. ಲಿಂಕ್ ಕಡಿಯದೆ ಗಟ್ಟಿಯಾಗಿ ನಿಂತಿತು. ಆಗ ತಿಳಿಯಿತು. ರೌಟರ್ ಆಟೋ ಚಾನೆಲ್‌ನಲ್ಲಿದೆ, ಹಳ್ಳಿಯಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗಿ ಬರುತ್ತದೆ, ಪ್ರತಿ ಸಲ ಎದ್ದಾಗ ರೌಟರ್ ತನಗೆ ತಿಳಿದ ಚಾನೆಲ್ ಹಿಡಿಯುತ್ತದೆ. 6 ಅಥವಾ 11 ಹಿಡಿದ ದಿನ ನೀರು, 1 ಹಿಡಿದ ದಿನ ಫೋನು.

ಚಾನೆಲ್ 11ಕ್ಕೆ ಕಟ್ಟಿಹಾಕಿ ಬಂದರೆ ಮುಗಿಯಿತಲ್ಲ ಅಂತ ನೀವು ಕೇಳಬಹುದು. ಆ ದಿನ ಅದನ್ನೇ ಮಾಡಿ ಬಂದೆ. ಆದರೆ ಮಾಲೀಕರು ಇಂಥ ಇನ್ನೂ ಹನ್ನೆರಡು ಪೆಟ್ಟಿಗೆ ಕಟ್ಟುವವರಿದ್ದರು. ಹನ್ನೆರಡು ತೋಟದ ರೌಟರ್‌ಗಳ ಬಾಗಿಲು ತಟ್ಟುತ್ತಾ ಹೋಗುವುದು ನನ್ನ ಕೈಲಾಗದ ಮಾತು. ಆಂಟೆನಾನೇ ಪೂರ್ತಿ ಬ್ಯಾಂಡ್, ಅಂದರೆ ಎಲ್ಲ ಚಾನೆಲ್‌ಗಳ ಫ್ರೀಕ್ವೆನ್ಸಿ, ಹಿಡಿಯಬೇಕು, ಅಷ್ಟೇ.

ಅಷ್ಟಕ್ಕೂ ಪ್ಯಾಚ್ ಆಂಟೆನಾ ಯಾಕೆ? ಮೊದಲು ಮಾಮೂಲಿ ರಬ್ಬರ್ ಕೋಲಿನ ಆಂಟೆನಾ ಇತ್ತು. ಮಂಗ ಜಗ್ಗಿತು, ಎತ್ತು ತಿಕ್ಕಿತು, ಎರಡು ಮುರಿದವು. ಒಳಗೆ ಇಟ್ಟರೆ ಕಬ್ಬಿಣದ ಪೆಟ್ಟಿಗೆ ಸಿಗ್ನಲ್ ಹೊರಗೆ ಬಿಡುವುದಿಲ್ಲ. ಪ್ಯಾಚ್ ಆದರೆ ಚಪ್ಪಟೆ, ಬರೀ ಒಂದು ಲೋಹದ ತುಂಡು. ಅದರ ಬೆನ್ನಿಗೇ ಲೋಹದ ನೆಲ, ಅಂದರೆ ಗ್ರೌಂಡ್ ಇರುತ್ತದೆ, ಆದ್ದರಿಂದ ಕಬ್ಬಿಣದ ಮೇಲೆ ಅಂಟಿಸಿದರೂ ಅದಕ್ಕೆ ಏನೂ ಅನ್ನಿಸುವುದಿಲ್ಲ. ಎದುರಿಗಷ್ಟೇ ಬೀರುತ್ತದೆ. ನಮಗೆ ಬೇಕಾದದ್ದೂ ಅದೇ, ಮನೆ ಇರುವುದು ಒಂದೇ ದಿಕ್ಕಿನಲ್ಲಿ.

ನಾನು ಮಾಡಿದ್ದು ಪುಸ್ತಕದ ಪ್ಯಾಚ್. ಎಲ್ಲ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಅಂಗಡಿಯಲ್ಲೂ ಸಿಗುವ, ತಾಮ್ರ ಹೊದಿಸಿದ ಎಫ್‌ಆರ್4 ಬೋರ್ಡ್, 1.6 ಮಿ.ಮೀ. ದಪ್ಪ, ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ 4.4 ಅಂತ ಹಿಡಿದು 2.45 ಗಿಗಾಹರ್ಟ್ಝ್‌ಗೆ ಲೆಕ್ಕ ಹಾಕಿದರೆ ಉದ್ದ 28.8, ಅಗಲ 37.3 ಮಿ.ಮೀ. ಬರುತ್ತದೆ. ಎಂಜಿನಿಯರಿಂಗ್ ಕೊನೇ ವರ್ಷದ ಪ್ರಾಜೆಕ್ಟ್ ಮಾಡಿದವರಿಗೆ ಈ ಎರಡು ಸಂಖ್ಯೆ ಬಾಯಿಪಾಠ ಇರುತ್ತವೆ. ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದಿ, ತೊಳೆದು, ಕನೆಕ್ಟರ್ ಬೆಸುಗೆ ಹಾಕಿ ಕೊಟ್ಟಿದ್ದೆ. ಅಳತೆ ಮಾಡಿದ್ದೆನಾ? ಮಾಡಿದ್ದೆ, ಮೊದಲನೇದನ್ನು ಮಾತ್ರ.

ತೋಟದಿಂದ ಬಿಚ್ಚಿ ತಂದದ್ದನ್ನು ವಿದ್ಯಾನಗರದ ಮನೆಯ ಟೇಬಲ್ ಮೇಲೆ ಇಟ್ಟು, ಆಂಟೆನಾ ಯಾವ ಫ್ರೀಕ್ವೆನ್ಸಿ ಹಿಡಿಯುತ್ತದೆ ಅಂತ ಅಳೆಯುವ ಪುಟ್ಟ ನೆಟ್‌ವರ್ಕ್ ಅನಲೈಸರ್‌ಗೆ ಓಪನ್, ಶಾರ್ಟ್, ಲೋಡ್ ಹಾಕಿ ಕ್ಯಾಲಿಬ್ರೇಟ್ ಮಾಡಿ ನೋಡಿದೆ. ಮಧ್ಯ 2475 ಮೆಗಾಹರ್ಟ್ಝ್. ಎಸ್-ಒನ್-ಒನ್ ಅಂದರೆ ಆಂಟೆನಾಕ್ಕೆ ಕಳಿಸಿದ ಪವರ್ ಎಷ್ಟು ವಾಪಸ್ ಬರುತ್ತದೆ ಅನ್ನುವ ಅಳತೆ, ಮೈನಸ್ 10 ಡಿಬಿ ಅಂದರೆ ಹತ್ತರಲ್ಲಿ ಒಂದು ಪಾಲು. ಅದು ಮೈನಸ್ 10 ಡಿಬಿಗಿಂತ ಕೆಳಗೆ ಇದ್ದದ್ದು ಸುಮಾರು 2444ರಿಂದ 2506ರವರೆಗೆ. ಅಂದರೆ 62 ಮೆಗಾಹರ್ಟ್ಝ್, ಶೇಕಡಾ ಎರಡೂವರೆ. ವೈಫೈ ಬ್ಯಾಂಡ್ 2400ರಿಂದ 2483.5ರವರೆಗೆ, ಅಂದರೆ 83.5 ಮೆಗಾಹರ್ಟ್ಝ್. ಸರಿಯಾಗಿ ನಡುವೆ ಕೂತಿದ್ದರೂ ಎರಡು ತುದಿ ಹೊರಗೆ ಉಳಿಯುತ್ತಿದ್ದವು. ಇದು ನಡುವೆಯೂ ಇರಲಿಲ್ಲ, 25 ಮೆಗಾಹರ್ಟ್ಝ್ ಮೇಲೆ ಜರುಗಿತ್ತು. ಯಾಕೆ ಅಂದರೆ ಅಂಚು ಜಾಸ್ತಿ ತಿಂದು ಪ್ಯಾಚಿನ ಉದ್ದ 0.3 ಮಿ.ಮೀ. ಕಡಿಮೆಯಾದರೆ ಸಾಕು, 25 ಮೆಗಾಹರ್ಟ್ಝ್ ಮೇಲಕ್ಕೆ ಹೋಗುತ್ತದೆ. ಬೋರ್ಡಿನ 4.4 ಇನ್ನೊಂದು ಲಾಟ್‌ನಲ್ಲಿ 4.2 ಆಗಿದ್ದರೆ 50ಕ್ಕೂ ಮೇಲೆ. ಬಾಗಿಲೇ 62 ಅಗಲ, ಮನೆಯೇ 50 ಜರುಗುತ್ತದೆ ಅಂದರೆ ಏನು ಹೇಳೋದು.

ಹಾಗಾಗಿ ಗುರಿ 83.5 ಅಲ್ಲ, 200 ಅಂತ ಬರೆದುಕೊಂಡೆ. ಕೈತಪ್ಪಿಗೂ ಜಾಗ ಬೇಕಲ್ವಾ.

ಇಲ್ಲಿ ಒಂದು ದಾರಿ ತಪ್ಪಿದ್ದನ್ನು ಹೇಳಿಬಿಡಬೇಕು. ಬ್ಯಾಂಡ್‌ವಿಡ್ತ್, ಅಂದರೆ ಈ ಬಾಗಿಲಿನ ಅಗಲ, ಹೆಚ್ಚಿಸುವುದು ಹೇಗೆ ಅಂತ ಹುಡುಕಿದರೆ ಮೊದಲು ಸಿಗುವ ಉಪಾಯ ಹಿಂದಿನ ಗ್ರೌಂಡ್ ಕತ್ತರಿಸುವುದು. ಪ್ಯಾಚಿನ ಕೆಳಗಿನ ತಾಮ್ರ ತೆಗೆದು, ಪ್ಯಾಚಿಗೆ ಸಿಗ್ನಲ್ ತರುವ ಫೀಡ್ ಲೈನಿನ ಕೆಳಗೆ ಮಾತ್ರ ಉಳಿಸುವುದು. ನನ್ನ ಹತ್ತಿರ ಸಂಜೆ ಬರುವ ಒಬ್ಬ ಹುಡುಗ ಇದ್ದಾನೆ, ಎಲೆಕ್ಟ್ರಾನಿಕ್ಸ್ ಕೊನೇ ವರ್ಷ. ಅವನು ಒಂದೇ ರಾತ್ರಿಯಲ್ಲಿ ಸಿಮ್ಯುಲೇಶನ್ ಮಾಡಿ ತಂದ. 2.1ರಿಂದ 3.2 ಗಿಗಾಹರ್ಟ್ಝ್ ತನಕ ಗೆರೆ ಮೈನಸ್ 10ರ ಕೆಳಗೆ! ಬೋರ್ಡ್ ಮಾಡಿದೆವು, ಟೇಬಲ್ ಮೇಲೆ ಹೆಚ್ಚು ಕಡಿಮೆ ಹಾಗೇ ಬಂತು. ಹುಡುಗ ಮಿರ್ಚಿ-ಗಿರಮಿಟ್ ತಂದ. ತಿಂದು, ಕೈ ಒರೆಸಿಕೊಂಡು, ಬೋರ್ಡನ್ನು ಪೆಟ್ಟಿಗೆಯ ಬಾಗಿಲ ಮೇಲೆ ಇಟ್ಟು ನೋಡಿದರೆ ಗೆರೆ ಸೊನ್ನೆಗೆ ಅಂಟಿಕೊಂಡು ಮಲಗಿಬಿಟ್ಟಿತು. ಎರಡು ಕಡೆ ಬೀರುತ್ತಿದ್ದ ಆಂಟೆನಾದ ಬೆನ್ನಿಗೆ ಕಬ್ಬಿಣ ಹೊದಿಸಿದರೆ ಇನ್ನೇನಾಗುತ್ತದೆ. ಗ್ರೌಂಡ್ ಕತ್ತರಿಸಿದ ಮೇಲೆ ಅದು ಪ್ಯಾಚೇ ಅಲ್ಲ, ಪ್ಯಾಚಿನ ವೇಷದ ಮೊನೋಪೋಲ್, ಅಂದರೆ ಒಂಟಿ ಕೋಲಿನ ಆಂಟೆನಾ. ನಾವು ಪ್ಯಾಚ್ ಆರಿಸಿದ ಕಾರಣವನ್ನೇ ಕತ್ತರಿಸಿ ಬಿಸಾಕಿದ್ದೆವು. ಇನ್ನೊಂದು ಗುಟ್ಟು: ಟೇಬಲ್ ಮೇಲೆ ಇದ್ದಾಗಲೂ ಕೇಬಲ್ ಕೈಯಲ್ಲಿ ಹಿಡಿದರೆ ಗೆರೆ ಕುಣಿಯುತ್ತಿತ್ತು. ಕೇಬಲ್ ಮುಟ್ಟಿದಾಗ ಗೆರೆ ಅಲುಗಾಡಿದರೆ ನೀವು ಅಳೆಯುತ್ತಿರುವುದು ಆಂಟೆನಾ ಮತ್ತು ಕೇಬಲ್ ಎರಡನ್ನೂ ಸೇರಿಸಿ ಅಂತ ತಿಳಿಯಬೇಕು. ಅವತ್ತು ಅದನ್ನು ನೋಡಿಯೂ ನೋಡದ ಹಾಗೆ ಇದ್ದೆ. ಗಿರಮಿಟ್ ರುಚಿಯಾಗಿತ್ತು.

ಸಣ್ಣ ಥಿಯರಿ ಮಾತಾಡಿ ಮುಂದೆ ಹೋಗುತ್ತೇನೆ. ಪ್ಯಾಚ್ ಅಂದರೆ ಒಂದು ರೆಸೊನೇಟರ್. ಗಂಟೆ ಇದ್ದ ಹಾಗೆ. ಹೊಡೆದ ಮೇಲೆ ಜಾಸ್ತಿ ಹೊತ್ತು ಗುಂಯ್‌ಗುಟ್ಟುವ ಗಂಟೆ ಒಂದೇ ಸ್ವರಕ್ಕೆ ಒಪ್ಪುತ್ತದೆ, ಬೇಗ ಸುಮ್ಮನಾಗುವ ವಸ್ತು ಅಕ್ಕಪಕ್ಕದ ಸ್ವರಕ್ಕೂ ಒಪ್ಪುತ್ತದೆ. ಆ ಗುಂಯ್‌ಗುಟ್ಟುವ ಅಳತೆಗೆ ಕ್ಯೂ ಅನ್ನುತ್ತಾರೆ. ವಿಎಸ್‌ಡಬ್ಲ್ಯುಆರ್ 2ರ ಗಡಿಗೆ (ಹೆಚ್ಚು ಕಡಿಮೆ ಆ ಮೈನಸ್ 10 ಡಿಬಿಯದೇ ಗಡಿ) ಬ್ಯಾಂಡ್‌ವಿಡ್ತ್ ಅಂದರೆ 0.707 ಭಾಗಿಸು ಕ್ಯೂ. ಕ್ಯೂ ಇಳಿದರೆ ಬ್ಯಾಂಡ್ ಅಗಲವಾಗುತ್ತದೆ. ಆದರೆ ಗಂಟೆ ಬೇಗ ಸುಮ್ಮನಾಗಲು ಎರಡು ದಾರಿ. ಒಂದು, ಶಬ್ದವೆಲ್ಲ ಬೇಗ ಹೊರಗೆ ಹೋಗಬೇಕು. ಇನ್ನೊಂದು, ಗಂಟೆಗೆ ಬಟ್ಟೆ ಸುತ್ತಬೇಕು. ಎಫ್‌ಆರ್4 ಅನ್ನುವುದು ಬಟ್ಟೆ. ಅದರ ನಷ್ಟದ ಅಂಕಿ ಸುಮಾರು 0.02, ಅಂದರೆ ಬೋರ್ಡಿನ ಸ್ವಂತ ಕ್ಯೂ 50 ಮಾತ್ರ. ಈ ಗಾತ್ರದ ಪ್ಯಾಚ್ ಬೀರುವಿಕೆಯ ಕ್ಯೂ 60ರ ಮೇಲೆ. ಎರಡೂ ಸೇರಿ ಒಟ್ಟು 28. ನನ್ನ 62 ಮೆಗಾಹರ್ಟ್ಝ್ ಬಂದದ್ದು ಹೀಗೆ, ಅರ್ಧಕ್ಕಿಂತ ಜಾಸ್ತಿ ಬಟ್ಟೆಯಿಂದ. ಎಫ್‌ಆರ್4ನಲ್ಲಿ ನಷ್ಟವೇ ಇಲ್ಲದಿದ್ದರೆ ಇದೇ ಪ್ಯಾಚಿನ ಬ್ಯಾಂಡ್‌ವಿಡ್ತ್ ಶೇಕಡಾ 1.1ರ ಸುತ್ತ ಇರುತ್ತಿತ್ತು, 27 ಮೆಗಾಹರ್ಟ್ಝ್.

ಹುಡುಗನಿಗೆ ನಂಬಿಕೆ ಬರಲಿಲ್ಲ. "ಸರ್, ಎಸ್-ಒನ್-ಒನ್ ಮೈನಸ್ 25 ಇದೆ, ಪವರ್ ಎಲ್ಲ ಒಳಗೆ ಹೋಗಿದೆ ಅಲ್ವಾ?" ಒಳಗೆ ಹೋಗಿದೆ, ನಿಜ. ಹೊರಗೆ ಬಂದಿದೆಯಾ? 50 ಓಮಿನ ಡಮ್ಮಿ ಲೋಡ್ ತಗೊಂಡರೆ ಅದರ ಎಸ್-ಒನ್-ಒನ್ ಎಲ್ಲ ಆಂಟೆನಾಕ್ಕಿಂತ ಚೆನ್ನಾಗಿರುತ್ತದೆ, ಬ್ಯಾಂಡ್‌ವಿಡ್ತ್‌ಗೆ ಕೊನೆಯೇ ಇಲ್ಲ, ಒಂದು ಹನಿ ಸಿಗ್ನಲ್ ಹೊರಗೆ ಬರುವುದಿಲ್ಲ.

ಇದನ್ನು ಕಣ್ಣಿಗೆ ತೋರಿಸಲು ಅಡುಗೆಮನೆಗೆ ಹೋಗಿ ಚಪಾತಿ ಇಡುವ ಸ್ಟೀಲ್ ಡಬ್ಬಿ ತಂದೆ. ವೀಲರ್ ಅನ್ನುವವರು 1959ರಲ್ಲಿ ಹೇಳಿದ ಉಪಾಯ ಇದು: ಆಂಟೆನಾದ ಮೇಲೆ ಲೋಹದ ಮುಚ್ಚಳ ಕವುಚಿ, ಅಂಚು ಗ್ರೌಂಡಿಗೆ ಸರಿಯಾಗಿ ತಾಗಲಿ, ಆಮೇಲೆ ಅಳೆಯಿರಿ. ಬೀರಲು ದಾರಿ ಇಲ್ಲ. ಒಳ್ಳೆ ಆಂಟೆನಾ ಆದರೆ ಪವರ್ ಎಲ್ಲ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು, ಗೆರೆ ಸೊನ್ನೆಯ ಹತ್ತಿರ ಮಲಗಬೇಕು. ಪ್ಯಾಚನ್ನು ಒಂದು ಅಗಲ ತಗಡಿಗೆ ಬಿಗಿದು ಡಬ್ಬಿ ಕವುಚಿದೆ, ಮೇಲಿಂದ ಕೈಯಲ್ಲಿ ಒತ್ತಿ ಹಿಡಿದೆ. ಗೆರೆಯ ಗುಂಡಿ, ಅಂದರೆ ಕೆಳಗೆ ಇಳಿದ ತಗ್ಗು, ಹೋಗಲೇ ಇಲ್ಲ. ಸ್ವಲ್ಪ ಕಿರಿದಾಯಿತು, ಮೈನಸ್ 11ಕ್ಕೆ ಬಂದು ನಿಂತಿತು. ಬೀರುವ ದಾರಿ ಮುಚ್ಚಿದ ಮೇಲೂ ನೂರರಲ್ಲಿ 92 ಪಾಲು ಪವರ್ ಎಲ್ಲೋ ಹೋಗುತ್ತಿದೆ. ಎಲ್ಲಿಗೆ? ಬೋರ್ಡಿನೊಳಗೆ, ಬಿಸಿಯಾಗಿ. ಆಂಟೆನಾ ಎಷ್ಟು ಓಮ್ ಅಂತ ತೋರಿಸುವ ಸ್ಮಿತ್ ಚಾರ್ಟ್‌ನಲ್ಲಿ 50 ಓಮ್ ಇದ್ದದ್ದು 90ರ ಹತ್ತಿರ ಹೋಗಿತ್ತು. 50ನ್ನು 90ರಿಂದ ಭಾಗಿಸಿದರೆ 0.56. ಅಂದರೆ ಮಾಮೂಲಿ ಹೊತ್ತಿನಲ್ಲಿ 56 ಪಾಲು ಬಿಸಿಗೆ, 44 ಪಾಲು ಮಾತ್ರ ತೋಟದ ಮನೆಗೆ.

ಡಬ್ಬಿಗೂ ತನ್ನದೇ ರೆಸೊನೆನ್ಸ್ ಇರುತ್ತದೆ, ಅದು ನಮ್ಮ ಫ್ರೀಕ್ವೆನ್ಸಿಯಲ್ಲೇ ಬಂದು ಕೂತರೆ ಮೋಸ ಮಾಡುತ್ತದೆ. ಎರಡು ಮೂರು ಅಳತೆಯ ಡಬ್ಬಿಯಲ್ಲಿ ನೋಡುವುದು ಒಳ್ಳೆಯದು. ನಾನು ಮೂರನೇದಕ್ಕೆ ಕೈ ಹಾಕುವ ಹೊತ್ತಿಗೆ ಅವ್ವ ಬಂದು "ಏನ್ ಆಟಾ ನಡಿಸೀಯೋ, ಚಪಾತಿ ಹೊರಗ ಒಣಗಾಕತ್ತಾವ" ಅಂದಳು. ಎರಡಕ್ಕೇ ನಿಲ್ಲಿಸಿದೆ. ಎರಡೂ ಒಂದೇ ಮಾತು ಹೇಳಿದ್ದವು.

ಆ ರಾತ್ರಿ ಕೂತು ತೋಟದ ಲೆಕ್ಕವನ್ನು ಮತ್ತೊಮ್ಮೆ ಹಾಕಿದೆ. 1ನೇ ಚಾನೆಲ್‌ನ ಮಧ್ಯ 2412. ಅಲ್ಲಿ ನನ್ನ ಪ್ಯಾಚಿಗೆ ಮೂರರಲ್ಲಿ ಒಂದು ಪಾಲು ಪವರ್ ವಾಪಸ್ ಬರುತ್ತಿತ್ತು. ಕೇಳಿದರೆ ದೊಡ್ಡದು ಅನ್ನಿಸುತ್ತದೆ, ಡಿಬಿಯಲ್ಲಿ ಅದು 1.8 ಮಾತ್ರ. ಬೋರ್ಡಿನ ಬಿಸಿ ತಿನ್ನುತ್ತಿದ್ದದ್ದು 3.5 ಡಿಬಿ, ಅದೂ ಎಲ್ಲ ಚಾನೆಲ್‌ನಲ್ಲಿ, ಎಲ್ಲ ದಿನ. ನಾವು ಬ್ಯಾಂಡ್‌ವಿಡ್ತ್ ಬ್ಯಾಂಡ್‌ವಿಡ್ತ್ ಅಂತ ಬಡಕೊಳ್ಳುತ್ತಿದ್ದೆವು. ಬಿಸಿ ಮೊದಲೇ ಲಿಂಕನ್ನು ಗಡಿಯ ತನಕ ತಳ್ಳಿ ನಿಲ್ಲಿಸಿತ್ತು, ಚಾನೆಲ್ ಬದಲಾದದ್ದು ಬರೀ ಕೊನೇ ನೂಕು.

ಹಾಗಾಗಿ ಎಫ್‌ಆರ್4 ಮೇಲಿನ ಪ್ಯಾಚಿನಲ್ಲಿ ಸ್ಲಾಟ್, ಅಂದರೆ ಸೀಳು, ಕೊರೆದು ಕೊರೆದು ಅಗಲ ಮಾಡುವ ಆಸೆ ಬಿಟ್ಟೆ. ಸ್ಲಾಟ್ ಕೆಟ್ಟದ್ದು ಅಂತಲ್ಲ. ಯು ಆಕಾರದ ಸ್ಲಾಟನ್ನು ಹುಯ್ನ್ ಮತ್ತು ಲೀ 1995ರಲ್ಲಿ ತೋರಿಸಿದರು, ಇ ಆಕಾರದ ಪ್ಯಾಚ್ 2001ರಲ್ಲಿ ಬಂತು, ಶೇಕಡಾ 30ರ ಬ್ಯಾಂಡ್‌ವಿಡ್ತ್ ಕೊಟ್ಟಿತು. ಆದರೆ ಇವೆಲ್ಲ ಪ್ಯಾಚಿನ ಕೆಳಗೆ ದಪ್ಪ ಗಾಳಿ ಇಟ್ಟುಕೊಂಡು ಮಾಡಿದ ಕೆಲಸ. ನಮ್ಮ ಪ್ರಾಜೆಕ್ಟ್ ರಿಪೋರ್ಟುಗಳು ಸ್ಲಾಟಿನ ಚಿತ್ರ ನಕಲು ಮಾಡುತ್ತವೆ, ಗಾಳಿಯನ್ನು ಬಿಟ್ಟುಬಿಡುತ್ತವೆ. ಬ್ಯಾಂಡ್‌ವಿಡ್ತ್ ಇರುವುದು ಎತ್ತರದಲ್ಲಿ. 1.6 ಮಿ.ಮೀ.ನಲ್ಲಿ ಎಷ್ಟು ಕೊರೆದರೂ ಇಲ್ಲದ್ದು ಬರುವುದಿಲ್ಲ.

ಸರಿ, ಬೋರ್ಡೇ ಬೇಡ, ತಗಡಿನ ಪ್ಯಾಚನ್ನು ಗಾಳಿಯಲ್ಲಿ ನಿಲ್ಲಿಸೋಣ ಅಂದೆ. ಹುಡುಗ ಪುಸ್ತಕದ ಸೂತ್ರಕ್ಕೆ ಗಾಳಿಯ ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ 1 ಹಾಕಿ ಲೆಕ್ಕ ಮಾಡಿ ಮುಖ ಸಣ್ಣ ಮಾಡಿಕೊಂಡು ಬಂದ. "ಸರ್, ಬ್ಯಾಂಡ್‌ವಿಡ್ತ್ ಸೊನ್ನೆ ಬರ್ತಿದೆ." ನಾನೂ ಒಂದು ಗಳಿಗೆ ಗಲಿಬಿಲಿಯಾದೆ. ಎಲ್ಲ ಕಡೆ ಬರೆಯುವ ಸೂತ್ರದಲ್ಲಿ 3.77ರ ಮುಂದೆ ಕಾನ್‌ಸ್ಟಂಟ್‌ನಿಂದ 1 ಕಳೆ, ಕಾನ್‌ಸ್ಟಂಟ್‌ನ ವರ್ಗದಿಂದ ಭಾಗಿಸು ಅಂತ ಇರುತ್ತದೆ. 1ರಲ್ಲಿ 1 ಕಳೆದರೆ ಸೊನ್ನೆಯೇ. ಅದು ಸಣ್ಣದು ಮಾಡಿದ ಸೂತ್ರ. ಮೂಲದಲ್ಲಿ ಕೊನೆಗೆ 0.4ರ ಒಂದು ಪದ ಇರುತ್ತದೆ, ಎಫ್‌ಆರ್4ನಂಥ ಬೋರ್ಡಿಗೆ ಅದರಿಂದ ಏನೂ ವ್ಯತ್ಯಾಸ ಆಗುವುದಿಲ್ಲ ಅಂತ ಬಿಟ್ಟಿರುತ್ತಾರೆ. ಗಾಳಿಗೆ ಉಳಿಯುವುದೇ ಆ 0.4. ಅದನ್ನು ಸೇರಿಸಿ 8 ಮಿ.ಮೀ. ಎತ್ತರಕ್ಕೆ ಹಾಕಿದರೆ ಶೇಕಡಾ 8ರಿಂದ 9, ಅಂದರೆ 200 ಮೆಗಾಹರ್ಟ್ಝ್ ದಾಟುತ್ತದೆ. ಇದರಲ್ಲಿ ಬಟ್ಟೆಯ ಪಾಲು ಇಲ್ಲವೇ ಇಲ್ಲ ಅನ್ನಬೇಕು.

ಮಾಡುವ ಕೆಲಸಕ್ಕೆ ಬರೋಣ. ಅಲ್ಯೂಮಿನಿಯಂ ತಗಡು, 50 ಮಿ.ಮೀ. ಉದ್ದ, 62 ಅಗಲ. ಕೆಳಗೆ 110ಕ್ಕೆ 110ರ ಇನ್ನೊಂದು ತಗಡು, ಅದೇ ಗ್ರೌಂಡ್. ನಡುವೆ 8 ಮಿ.ಮೀ.ನ ಹಿತ್ತಾಳೆ ಸ್ಪೇಸರ್ ಎರಡು. ಲೋಹದ ಸ್ಪೇಸರ್ ಹಾಕಿದರೆ ಶಾರ್ಟ್ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಪ್ಯಾಚಿನ ಉದ್ದದ ಸರಿ ಅರ್ಧದಲ್ಲಿ ವೋಲ್ಟೇಜ್ ಸೊನ್ನೆ ಇರುತ್ತದೆ, ಅಗಲದುದ್ದಕ್ಕೂ ಆ ಗೆರೆಯಲ್ಲಿ ಎಲ್ಲಿ ಸ್ಕ್ರೂ ಹಾಕಿದರೂ ಪ್ಯಾಚಿಗೆ ಗೊತ್ತೇ ಆಗುವುದಿಲ್ಲ. ಒಂದೇ ಹಾಕಿದರೆ ಪ್ಯಾಚ್ ತಿರುಗುತ್ತದೆ, ಅದಕ್ಕೆ ಎರಡು. ಮೇಲಾಗಿ ಪ್ಯಾಚ್ ನೆಲಕ್ಕೆ ಸೇರಿದ ಹಾಗೆ ಆಯಿತು, ಮಳೆಗಾಲದ ಗುಡುಗಿನಲ್ಲಿ ಚಾರ್ಜ್ ಕೂಡಿಕೊಂಡು ಬೋರ್ಡಿನ ಒಳಗೆ ನುಗ್ಗುವ ಭಯ ಸ್ವಲ್ಪ ಕಡಿಮೆ.

ಕಷ್ಟ ಬಂದದ್ದು ಫೀಡಿನಲ್ಲಿ. ಕನೆಕ್ಟರಿನ ಪಿನ್ನು 1.3 ಮಿ.ಮೀ. ದಪ್ಪ, ಅದನ್ನು 8 ಮಿ.ಮೀ. ಮೇಲಕ್ಕೆ ಒಯ್ದರೆ ಅದೇ ಒಂದು ಕಾಯಿಲ್. ಸುಮಾರು 85 ಓಮ್ ಇಂಡಕ್ಟಿವ್. ಮೊದಲ ಮಾದರಿಯಲ್ಲಿ ಸ್ಮಿತ್ ಚಾರ್ಟಿನ ಸುರುಳಿ ಪೂರ್ತಿ ಮೇಲಿನ ಅರ್ಧದಲ್ಲಿ ಹೋಗಿ ಕೂತಿತು, ಮೈನಸ್ 10 ಎಲ್ಲೂ ಮುಟ್ಟಲಿಲ್ಲ. ದಪ್ಪ ಪಿನ್ ಹಾಕಿ ನೋಡಿದೆ, ಅರ್ಧ ಸರಿಹೋಯಿತು. ಇಂಡಕ್ಟರಿಗೆ ಮದ್ದು ಸರಣಿಯಲ್ಲಿ ಕೆಪಾಸಿಟರ್. ಪಿನ್ನನ್ನು ಪ್ಯಾಚಿಗೆ ಮುಟ್ಟಿಸದೆ 1 ಮಿ.ಮೀ. ಕೆಳಗೇ ನಿಲ್ಲಿಸಿ, ತುದಿಗೆ ಒಂದು ಬಿಲ್ಲೆ ಇಟ್ಟರೆ ಬಿಲ್ಲೆ ಮತ್ತು ಪ್ಯಾಚ್ ಸೇರಿ ಕೆಪಾಸಿಟರ್ ಆಗುತ್ತವೆ. ಬೇಕಾದದ್ದು 0.85 ಪಿಕೋಫ್ಯಾರಡ್. ಲೆಕ್ಕ ಹಾಕಿದರೆ ಬಿಲ್ಲೆಯ ವ್ಯಾಸ 11 ಮಿ.ಮೀ., ಅಂಚಿನ ಫೀಲ್ಡ್ ಹಿಡಿದರೆ 10 ಸಾಕು. ಹತ್ತು ಮಿಲಿಮೀಟರಿನ ದುಂಡನೆ ಹಿತ್ತಾಳೆ ಬಿಲ್ಲೆ ಎಲ್ಲಿ ಸಿಗುತ್ತದೆ? ಹುಡುಗ ಗೋಡೆಯ ಮೇಲಿನ ಟೈಮ್‌ಟೇಬಲ್ ಕಡೆ ನೋಡಿದ. ಎದ್ದು ಹೋಗಿ ಡ್ರಾಯಿಂಗ್ ಪಿನ್ ಕಿತ್ತುಕೊಂಡು ಬಂದ. ಕ್ಯಾಲಿಪರ್‌ನಲ್ಲಿ ಅಳೆದರೆ 10.2!

ಡ್ರಾಯಿಂಗ್ ಪಿನ್ನಿನ ಮೊನೆ ಕತ್ತರಿಸಿ, ತಲೆಯನ್ನು ಕನೆಕ್ಟರಿನ ಪಿನ್ನಿಗೆ ತಾಮ್ರದ ತಂತಿಯಿಂದ ಬೆಸೆದೆವು. ಬೆಸುಗೆ ಬಿಸಿ ಜಾಸ್ತಿ ಆದರೆ ಒಳಗಿನ ಬಿಳಿ ಇನ್ಸುಲೇಟರ್ ಉಬ್ಬುತ್ತದೆ, ಒಂದು ಹಾಗೆ ಹೋಯಿತು. ಬಿಲ್ಲೆ ಓರೆಯಾಗದಂತೆ ಕೆಳಗೆ 7 ಮಿ.ಮೀ. ದಪ್ಪದ ಕಟ್ಟಿಗೆ ಚೂರು ಇಟ್ಟು ಬೆಸೆದು ಆಮೇಲೆ ಜಗ್ಗಿ ತೆಗೆದೆ. ಫೀಡಿನ ಜಾಗ ಅಂಚಿನಿಂದ 14 ಮಿ.ಮೀ. ಒಳಗೆ. ಪ್ಯಾಚಿಗೆ ಬೆಸುಗೆಯೇ ಇಲ್ಲದ್ದರಿಂದ ಅಲ್ಯೂಮಿನಿಯಂ ನಡೆಯಿತು, ಇಲ್ಲದಿದ್ದರೆ ತಾಮ್ರ ಅಥವಾ ಹಿತ್ತಾಳೆ ತಗಡು ಹುಡುಕಬೇಕಿತ್ತು.

ಅಳೆದದ್ದು: 2345ರಿಂದ 2570, ಒಟ್ಟು 225 ಮೆಗಾಹರ್ಟ್ಝ್. ಕಬ್ಬಿಣದ ಬಾಗಿಲ ಮೇಲೆ ಇಟ್ಟೆ, ಗೆರೆ ಕದಲಲಿಲ್ಲ. ಕೇಬಲ್ ಹಿಡಿದೆ, ಕದಲಲಿಲ್ಲ. ಡಬ್ಬಿ ಕವುಚಿದೆ. ಗುಂಡಿ ಹೋಯಿತು, ಸೊನ್ನೆಯ ಹತ್ತಿರ ಸಪಾಟು ಗೆರೆ. ನನಗೆ ಖುಷಿ ಕೊಟ್ಟದ್ದು 225ಕ್ಕಿಂತ ಆ ಸಪಾಟು ಗೆರೆ.

ಮಳೆ ನೀರು ನಿಲ್ಲದ ಹಾಗೆ ಮೇಲೆ ಪ್ಲಾಸ್ಟಿಕ್ ಮುಚ್ಚಳ ಹಾಕಿದಾಗ ಎಲ್ಲ 25 ಮೆಗಾಹರ್ಟ್ಝ್ ಕೆಳಗೆ ಜರುಗಿತು. ಹಳೇ ಪ್ಯಾಚ್ ಆಗಿದ್ದರೆ ಮತ್ತೆ ಮೊದಲಿಂದ ಕತ್ತರಿಸಬೇಕಿತ್ತು. ಇದರಲ್ಲಿ ಅರದಿಂದ ಉದ್ದವನ್ನು ಅರ್ಧ ಮಿಲಿಮೀಟರ್ ಉಜ್ಜಿ ನಡುವೆ ತಂದೆ, ಉಜ್ಜದೆ ಬಿಟ್ಟಿದ್ದರೂ ನಡೆಯುತ್ತಿತ್ತು.

ತೋಟದಲ್ಲಿ 6ನೇ ಚಾನೆಲ್‌ನಲ್ಲಿ ಮೈನಸ್ 85 ಇದ್ದದ್ದು ಮೈನಸ್ 79 ಆಯಿತು. 1ರಲ್ಲಿ 87 ಇದ್ದದ್ದೂ 79ಕ್ಕೆ ಬಂತು. ಎರಡರ ನಡುವಿನ ವ್ಯತ್ಯಾಸವೇ ಮಾಯ. ರೌಟರನ್ನು ಮತ್ತೆ ಆಟೋಗೆ ಹಾಕಿ ಬಂದೆ.

ಕಳಕೊಂಡದ್ದು ಏನು? ಗಾತ್ರ. 29ಕ್ಕೆ 37 ಇದ್ದದ್ದು 50ಕ್ಕೆ 62 ಆಯಿತು, ಮುಚ್ಚಳ ಸೇರಿ ಪೆಟ್ಟಿಗೆಯಿಂದ 14 ಮಿ.ಮೀ. ಹೊರಗೆ ಉಬ್ಬಿಕೊಂಡಿದೆ. ಮಾಲೀಕರು ನೋಡಿ ಮೊದಲು ಅಂದದ್ದು "ಇದೇನ್ರೀ ಸರ್ರ, ಹೋಳಿಗಿ ಅಂಟಿಸಿದಂಗ ಕಾಣ್ತದ" ಅಂತ. ಪೆಟ್ಟಿಗೆ ಕಳಿಸುವ ರಟ್ಟಿನ ಬಾಕ್ಸಿಗೆ ಅದು ಹಿಡಿಸಲಿಲ್ಲ, ಅವರು ದೊಡ್ಡ ಬಾಕ್ಸ್ ತರಿಸಬೇಕಾಯಿತು. ಅದರ ಖರ್ಚನ್ನು ನನಗೆ ಆಗಾಗ ನೆನಪಿಸುತ್ತಾರೆ.

ಹನ್ನೆರಡೂ ಹೋದವು. ಒಂದು ವಾಪಸ್ ಬಂತು, ಮಳೆಗಾಲ ಮುಗಿದ ಮೇಲೆ. ಸಿಗ್ನಲ್ ಸತ್ತಿತ್ತು. ಮುಚ್ಚಳ ಬಿಚ್ಚಿದರೆ, ನೀರು ಇಳಿಯಲಿ ಅಂತ ಕೆಳಗೆ ಬಿಟ್ಟಿದ್ದ ತೂತಿನಿಂದ ಕಣಜ ಒಳಗೆ ಹೋಗಿ, ನನ್ನ ಎಂಟು ಮಿಲಿಮೀಟರ್ ಗಾಳಿಯ ತುಂಬ ಮಣ್ಣಿನ ಗೂಡು ಕಟ್ಟಿತ್ತು. ಈಗ ಆ ತೂತಿಗೆ ಸೊಳ್ಳೆ ಜಾಲಿ ಅಂಟಿಸುತ್ತಿದ್ದೇವೆ, ಪ್ಲಾಸ್ಟಿಕ್ಕಿನದು.